ಉಕ್ಕಿಗೂ ಮುಪ್ಪು ಬರುತ್ತದೆ

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳು, ಉಕ್ಕು ಎಷ್ಟು ಏಟು ತಾಳುತ್ತದೆಂದು ಅಳೆಯುವ ಚಾರ್ಪಿ ಯಂತ್ರದ ಮುಂದೆ ಮೊದಲ ಸಲ ನಿಂತಾಗ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಭಾರವಾದ ಸುತ್ತಿಗೆ ಲೋಲಕದಂತೆ ಬೀಸಿ ಬಂದು, ಕಚ್ಚು ಹಾಕಿದ ಬೆರಳುದ್ದದ ಉಕ್ಕಿನ ತುಂಡನ್ನು ಒಂದೇ ಏಟಿಗೆ ಮುರಿಯುತ್ತದೆ. ಅದನ್ನು ಕಲಿಸುತ್ತಾ ಬಂದ ನನಗೆ ಆ ತುಂಡಿನ ಮೇಲೆ ಬಹಳ ಗೌರವ.

ಕೂಡಂಕುಳಂನಂಥ ಅಣುಸ್ಥಾವರದಲ್ಲಿ ಇಂಧನವಿರುವುದು ಒಂದು ಉಕ್ಕಿನ ಪಾತ್ರೆಯಲ್ಲಿ. ಗೋಡೆಯ ದಪ್ಪ ಸುಮಾರು 20 ಸೆಂಟಿಮೀಟರ್. ಒಳಗಿನ ನೀರು 300 ಡಿಗ್ರಿ ಮುಟ್ಟಿದರೂ ಕುದಿಯಬಾರದೆಂದು ವಾತಾವರಣದ 150 ಪಟ್ಟಿಗೂ ಮಿಗಿಲಾದ ಒತ್ತಡ. ಪಂಪು, ಸ್ಟೀಮ್ ಜನರೇಟರ್‌ಗಳನ್ನು ಬದಲಿಸಬಹುದು. ಪಾತ್ರೆಯನ್ನು ಬದಲಿಸುವ ಮಾತಿಲ್ಲ. ನಮ್ಮ ಕೈಗಾದ ಬಗೆ ಬೇರೆ. ಅಲ್ಲಿ ಒಂದೊಂದು ಘಟಕದಲ್ಲೂ 306 ಒತ್ತಡದ ಕೊಳವೆಗಳಿವೆ, ಅವನ್ನು ಬದಲಿಸಲು ಬರುತ್ತದೆ.

ಇಂಧನದಿಂದ ಚಿಮ್ಮುವ ನ್ಯೂಟ್ರಾನ್‌ಗಳು ವರ್ಷಗಟ್ಟಲೆ ಬಡಿದು ಗೋಡೆಯ ಪರಮಾಣುಗಳನ್ನು ಕದಲಿಸುತ್ತವೆ. ಉಕ್ಕಿನಲ್ಲಿ ತಾಮ್ರ, ರಂಜಕದ ಕಲ್ಮಷವಿದ್ದರೆ ಮುಪ್ಪು ಇನ್ನೂ ಬೇಗ. ಬಗ್ಗಬೇಕಾದದ್ದು ಸಿಡಿಯುವಂತಾಗುತ್ತದೆ. ಬಿಸಿಯಾಗಿರುವಷ್ಟು ಹೊತ್ತು ಅದು ತಾಳಿಕೊಳ್ಳುತ್ತದೆ. ತುರ್ತಿನಲ್ಲಿ ತಣ್ಣೀರು ನುಗ್ಗಿದಾಗ ಅಪಾಯ. ಉರಿಯುವ ಲಾಟೀನಿನ ಗಾಜಿಗೆ ಮಳೆಹನಿ ತಾಗಿ ಚಟ್ಟೆಂದು ಸೀಳಿದ್ದನ್ನು ನನ್ನ ವಯಸ್ಸಿನವರು ಕಂಡಿದ್ದೀರಿ.

ಬಿರುಕು ಹುಡುಕಲು ಶ್ರವಣಾತೀತ ತರಂಗಗಳಿವೆ. ಮುಪ್ಪನ್ನು ಅಳೆಯಲು ಗೋಡೆಯನ್ನು ಕೊರೆಯಲಾಗದು. ಅದಕ್ಕೇ ಅದೇ ಉಕ್ಕಿನ, ಅದೇ ಬೆಸುಗೆಯ ತುಂಡುಗಳನ್ನು ಮೊದಲೇ ಒಳಗಿಟ್ಟಿರುತ್ತಾರೆ. ಬಹಳಷ್ಟು ಸ್ಥಾವರಗಳಲ್ಲಿ ಅವು ಗೋಡೆಗಿಂತ ಇಂಧನಕ್ಕೆ ಹತ್ತಿರ ಇರುವುದರಿಂದ ಗೋಡೆಗಿಂತ ಮೊದಲೇ ಮುದಿಯಾಗುತ್ತವೆ. ಕೆಲವು ವರ್ಷಗಳಿಗೊಮ್ಮೆ ಒಂದಷ್ಟನ್ನು ಹೊರತೆಗೆದು ಚಾರ್ಪಿ ಸುತ್ತಿಗೆಗೆ ಕೊಡುತ್ತಾರೆ. ಗೋಡೆಗೆ ಮುಂದೆ ಬರಲಿರುವ ಸ್ಥಿತಿಯನ್ನು ಆ ತುಂಡು ಇಂದೇ ಮುರಿದು ತಿಳಿಸುತ್ತದೆ. ರಷ್ಯಾದಲ್ಲಿ ಹಳೆಯ ಕೆಲವು ಪಾತ್ರೆಗಳನ್ನು ಸುಮಾರು 475 ಡಿಗ್ರಿಗೆ ಕಾಯಿಸಿ ಮುಪ್ಪನ್ನು ಹಿಂದಕ್ಕೆ ಸರಿಸಿದ್ದೂ ಉಂಟು.

ಆದರೆ ಕಣ್ಣಿಗೆ ಕಾಣುವುದನ್ನೇ ಕಡೆಗಣಿಸಿದರೆ? ನನ್ನನ್ನು ಹೆಚ್ಚು ಕಾಡುವುದು ಇದೇ. ಅಮೆರಿಕದ ಒಹಾಯೋದ ಡೇವಿಸ್-ಬೆಸ್ ಸ್ಥಾವರದಲ್ಲಿ ಪಾತ್ರೆಯ ಮುಚ್ಚಳದ ಮೇಲೆ, ಒಳಗಿನ ನೀರಿಗೆ ಬೆರೆಸಿದ್ದ ಬೋರಿಕ್ ಆಮ್ಲ ಸೋರುತ್ತಿತ್ತು. ಕೆಂಪು ತುಕ್ಕು ಕಂಡಿತ್ತು, ಗಾಳಿಯ ಶೋಧಕಗಳು ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿದ್ದವು. ಮುಚ್ಚಳವನ್ನು ಪೂರ್ತಿ ತೊಳೆದು ನೋಡಿರಲಿಲ್ಲ. 2002ರಲ್ಲಿ ನೋಡಿದಾಗ 15 ಸೆಂಟಿಮೀಟರಿಗೂ ದಪ್ಪನೆಯ ಉಕ್ಕು ಒಂದು ಕಡೆ ಪೂರ್ತಿ ಕರಗಿಹೋಗಿತ್ತು. ಅಲ್ಲಿ ಅಷ್ಟೂ ಒತ್ತಡವನ್ನು ತಡೆದು ನಿಂತಿದ್ದದ್ದು ಒಳಮೈಗೆ ಹೊದಿಸಿದ್ದ, ಒಂದು ಸೆಂಟಿಮೀಟರೂ ಇಲ್ಲದ ತುಕ್ಕುರಹಿತ ಉಕ್ಕಿನ ಪದರ.

ಬೇರೆ ಮುಚ್ಚಳ ತಂದು ಕೂರಿಸಿ ಆ ಸ್ಥಾವರವನ್ನು ಮತ್ತೆ ಚಾಲೂ ಮಾಡಿದ್ದು 2004ರಲ್ಲಿ. ನಮಸ್ಕಾರ.