ಮೂಗುದಾರ ಇಲ್ಲದ ಹೋರಿ

ಎಲ್ಲರಿಗೂ ನಮಸ್ಕಾರ.

ಸ್ವಾಗತ ಭಾಷಣದಲ್ಲಿ ಒಂದು ಮಾತು ಬಂತು. "ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳುವುದು ಹೇಗೆ ಅಂತ ಡಾಕ್ಟರು ಹೇಳುತ್ತಾರೆ" ಎಂದರು. ನನಗೆ ಗಾಬರಿಯಾಯಿತು. ನಾನು ಬಂದಿರುವುದೇ ಅದರ ವಿರುದ್ಧ ಮಾತಾಡಲಿಕ್ಕೆ. ನಾನು ಸಂಧಿವಾತದ ಡಾಕ್ಟರು. 22 ವರ್ಷದಿಂದ ನನ್ನ ಕೆಲಸವೇ ಜನರ ಇಮ್ಯುನಿಟಿ ಕಮ್ಮಿ ಮಾಡುವುದು. ಅದಕ್ಕೆ ಫೀಸೂ ತಗೊಳ್ಳುತ್ತೇನೆ.

ಇವತ್ತು 2025ರ ಅಕ್ಟೋಬರ್ 12, ವಿಶ್ವ ಸಂಧಿವಾತ ದಿನ. ಪ್ರತಿ ವರ್ಷ ಈ ದಿನ ಯಾವುದಾದರೂ ಊರಿಗೆ ಹೋಗಿ, ಮಂಡಿ ನೋವಿನ ಬಗ್ಗೆ ಮಾತಾಡಿ, ಶಾಲು ಹೊದೆಸಿಕೊಂಡು ಬರುತ್ತೇನೆ. ಈ ಸಲ ಮಂಡಿ ಬೇಡ ಅನ್ನಿಸಿತು. ಹೋದ ಸೋಮವಾರ ವೈದ್ಯಕೀಯದ ನೊಬೆಲ್ ಘೋಷಣೆ ಆಯಿತಲ್ಲ, ನನ್ನ ಹಳೆಯ ಜಗಳವೊಂದರಲ್ಲಿ ನನಗೇ ತೀರ್ಪು ಸಿಕ್ಕ ಹಾಗಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು 2006ಕ್ಕೆ ಹೋಗೋಣ. ಇಲ್ಲಿ ನಲವತ್ತು ದಾಟಿದ ಯಾರೂ ಆ ವರ್ಷ ಮರೆತಿರಲಿಕ್ಕಿಲ್ಲ. ಚಿಕೂನ್‌ಗುನ್ಯಾ. ನಮ್ಮ ರಾಜ್ಯ ಒಂದರಲ್ಲೇ 7 ಲಕ್ಷಕ್ಕೂ ಜಾಸ್ತಿ ಶಂಕಿತ ಪ್ರಕರಣ ಲೆಕ್ಕಕ್ಕೆ ಸಿಕ್ಕವು. ಹೆಸರಿನಲ್ಲಿ ಚಿಕನ್ ಕೇಳಿಸುತ್ತೆ ಅಂತ ಎಷ್ಟೋ ಜನ ಕೋಳಿ ತಿನ್ನುವುದನ್ನೇ ಬಿಟ್ಟಿದ್ದರು! ಕೋಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದು ಆಫ್ರಿಕಾದ ಮಕೊಂಡೆ ಭಾಷೆಯ ಮಾತು. ನೋವಿಗೆ ಮೈ ಬಾಗಿ ಹೋಗುವುದು ಅಂತ ಅರ್ಥ. ಆ ವರ್ಷ ಊರಲ್ಲಿ ನೆಟ್ಟಗೆ ನಡೆಯುತ್ತಿದ್ದದ್ದು ಕೋಳಿಗಳು ಮಾತ್ರ.

ಆಗ ನನ್ನ ಹತ್ತಿರ ಒಬ್ಬ ಹೆಂಗಸು ಬರುತ್ತಿದ್ದರು. ಅಡಿಕೆ ಸುಲಿಯುವ ಕೆಲಸ. ಜ್ವರ ನಾಲ್ಕು ದಿನಕ್ಕೆ ಬಿಟ್ಟಿತ್ತು. ಬೆರಳ ಗಂಟುಗಳ ಬಾವು ಮಾತ್ರ ನಾಲ್ಕು ತಿಂಗಳಾದರೂ ಇಳಿದಿರಲಿಲ್ಲ. ಮೆಟ್ಟುಗತ್ತಿ ಮುಂದೆ ಕೂತರೆ ಅಡಿಕೆ ಹಿಡಿಯಲಿಕ್ಕೂ ಆಗುತ್ತಿರಲಿಲ್ಲ. ಒಂದು ದಿನ ಕೇಳಿದರು: "ಡಾಕ್ಟ್ರೇ, ಆ ಸೊಳ್ಳೆ ಸತ್ತು ಎಷ್ಟು ಕಾಲ ಆಯ್ತೋ ಏನೋ. ನಂಗ್ಯಾಕೆ ಇನ್ನೂ ನೋವು?"

ಎಂ.ಡಿ. ಪರೀಕ್ಷೆಯಲ್ಲಿ ಕೂಡ ನನಗೆ ಇಷ್ಟು ಒಳ್ಳೆಯ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಸೊಳ್ಳೆ ಸತ್ತಿದೆ. ವೈರಸ್ಸಿನ ಹಾವಳಿಯೂ ಮುಗಿದಿದೆ. ಅದನ್ನು ಹೊಡೆಯಲು ಬಂದ ದಂಡು ಮಾತ್ರ ಮನೆಗೆ ಹೋಗಿಲ್ಲ. ಆಕೆಯನ್ನು ನೋಯಿಸುತ್ತಿದ್ದದ್ದು ಆಕೆಯದ್ದೇ ದಂಡು.

ಇದಕ್ಕೆ ಉರಿಯೂತ ಅನ್ನುತ್ತೇವೆ. ಈ ಪದದ ಬಗ್ಗೆ ಒಂದು ನಿಮಿಷ. ಸುಮಾರು 2000 ವರ್ಷದ ಹಿಂದೆ ರೋಮಿನ ಸೆಲ್ಸಸ್ ಎಂಬಾತ ಇದಕ್ಕೆ ನಾಲ್ಕು ಲಕ್ಷಣ ಬರೆದಿಟ್ಟ: ಕೆಂಪಾಗುವುದು, ಊದುವುದು, ಬಿಸಿಯಾಗುವುದು, ನೋಯುವುದು. ಅದರಲ್ಲಿ ಎರಡನ್ನು ನಮ್ಮವರು ಒಂದೇ ಪದಕ್ಕೆ ತುಂಬಿಟ್ಟರು. ಉರಿ, ಊತ, ಉರಿಯೂತ. ಈ ಪದ ಕಟ್ಟಿದವರು ಯಾರೋ, ಅವರಿಗೂ ಒಂದು ಶಾಲು ಹೊದೆಸಬೇಕಿತ್ತು.

ಉರಿಯೂತ ಕೆಟ್ಟದ್ದಲ್ಲ. ಕಾಲಿಗೆ ಮುಳ್ಳು ಚುಚ್ಚಿದರೆ ಅಲ್ಲಿನ ರಕ್ತನಾಳ ಹಿಗ್ಗಬೇಕು, ಬಿಳಿ ರಕ್ತಕಣ ಹೊರಗೆ ಬರಬೇಕು, ಕೊಳೆಯನ್ನು ತಿನ್ನಬೇಕು. ಅದಿಲ್ಲದಿದ್ದರೆ ಒಂದು ಮುಳ್ಳಿಗೇ ನಾವು ಹೋಗಿಬಿಡುತ್ತಿದ್ದೆವು. ಹೋರಿ ಬೇಕೇ ಬೇಕು, ಗದ್ದೆ ಉಳಬೇಕಲ್ಲ. ಆದರೆ ಮೂಗುದಾರ ಇಲ್ಲದ ಹೋರಿ ಗದ್ದೆಗೆ ಇಳಿದರೆ? ನನ್ನ ಹತ್ತಿರ ಬರುವವರೆಲ್ಲ ಹೇಳುವುದು ಒಂದೇ: "ಸಾರ್, ಇಮ್ಯುನಿಟಿ ಕಮ್ಮಿ ಆಗಿದೆ, ಏನಾದ್ರೂ ಬರೆದುಕೊಡಿ." ಅಂದರೆ ಹೋರಿಗೆ ಇನ್ನಷ್ಟು ಹಿಂಡಿ ಹಾಕಿ ಅಂತ. ನಾನು ಹೇಳುವುದೂ ಒಂದೇ. ಹಿಂಡಿ ಕಮ್ಮಿ ಆಗಿಲ್ಲ ಮಾರಾಯ್ರೇ, ಮೂಗುದಾರ ಹರಿದಿದೆ.

ರುಮಟಾಯ್ಡ್ ಸಂಧಿವಾತದಲ್ಲಿ ಆಗುವುದೇ ಅದು. ಕೀಲಿನ ಒಳಪೊರೆಯನ್ನು ನಮ್ಮದೇ ರಕ್ಷಣಾ ಪಡೆ ಶತ್ರು ಅಂದುಕೊಳ್ಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಈಗ ನನ್ನ ಇಷ್ಟದ ಕಥೆ. ಮನೆಯಲ್ಲಿ ಇದನ್ನು ಶುರು ಮಾಡಿದರೆ ಮಗಳು ಎದ್ದು ಹೋಗುತ್ತಾಳೆ. ನೀವು ಹಾಗೆ ಮಾಡಲಾರಿರಿ, ಬಾಗಿಲು ವೇದಿಕೆಯ ಪಕ್ಕದಲ್ಲಿದೆ.

ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅಂತ ಒಬ್ಬ ಡಾಕ್ಟರ್ ಇದ್ದರು. 1929ರಲ್ಲಿ ಅವರ ರೋಗಿಯೊಬ್ಬರಿಗೆ ಕಾಮಾಲೆ ಬಂತು. ರೋಗಿಯೂ ಡಾಕ್ಟರೇ. ಮೈ ಹಳದಿಯಾಯಿತು, ಜೊತೆಗೆ ವರ್ಷಗಳ ಕೀಲು ನೋವು ಮಾಯವಾಯಿತು! ಬೇರೆಯವರಾಗಿದ್ದರೆ "ವಿಚಿತ್ರ" ಅಂತ ಸುಮ್ಮನಾಗುತ್ತಿದ್ದರು. ಹೆಂಚ್ ಬಿಡಲಿಲ್ಲ. ಗರ್ಭಿಣಿಯರಿಗೂ ಇದೇ ನೋವು ಇಳಿಯುತ್ತದೆ ಅಂತ ಗಮನಿಸಿದರು. ಹಾಗಾದರೆ ಇದನ್ನು ತಡೆಯುವ ಏನೋ ಒಂದು ಮೈಯಲ್ಲೇ ಇದೆ. ಅದಕ್ಕೆ "ಎಕ್ಸ್" ಅಂತ ಹೆಸರಿಟ್ಟು ಹುಡುಕಲು ಹೊರಟರು. ರೋಗಿಗಳಿಗೆ ಪಿತ್ತರಸದ ಲವಣ ಕೊಟ್ಟು ನೋಡಿದರು. ಕಾಮಾಲೆ ಇದ್ದವರ ರಕ್ತ ಕೊಟ್ಟೂ ನೋಡಿದರು. ಈಗಿನ ಕಾಲದಲ್ಲಿ ಹಾಗೆ ಮಾಡಿದ್ದರೆ ಹೆಂಚ್ ಜೈಲಿನಲ್ಲಿ ಇರುತ್ತಿದ್ದರು. ಯಾವುದೂ ಕೆಲಸ ಮಾಡಲಿಲ್ಲ.

ತಮಾಷೆ ಏನು ಗೊತ್ತಾ? ಅದೇ ಮೇಯೊ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಾಲ್ ಎಂಬ ರಸಾಯನಶಾಸ್ತ್ರಜ್ಞರು ಮೂತ್ರಪಿಂಡದ ತಲೆಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಒಂದೊಂದೇ ವಸ್ತು ಬೇರ್ಪಡಿಸಿ ಎ, ಬಿ, ಸಿ ಅಂತ ಹೆಸರಿಡುತ್ತಿದ್ದರು. ಅದರಲ್ಲಿ ಒಂದು ಕಾಂಪೌಂಡ್ ಇ. ಅದನ್ನು ಪ್ರಯತ್ನಿಸಬೇಕು ಅಂತ ಇಬ್ಬರೂ ಮಾತಾಡಿಕೊಂಡದ್ದು 1941ರಲ್ಲಿ. ಆಮೇಲೆ ಯುದ್ಧ. ಚಮಚದಷ್ಟು ತಯಾರಿಸುವುದೂ ಕಷ್ಟ. ಕೊನೆಗೆ 1948ರ ಸೆಪ್ಟೆಂಬರ್ 21ರಂದು 29 ವರ್ಷದ ಒಬ್ಬ ಹೆಣ್ಣುಮಗಳಿಗೆ ಮೊದಲ ಇಂಜೆಕ್ಷನ್ ಕೊಟ್ಟರು. 100 ಮಿಲಿಗ್ರಾಂ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದೇ ಆಕೆಗೆ ಕಷ್ಟವಾಗಿತ್ತು. ಎರಡು ಮೂರು ದಿನದಲ್ಲಿ ಎದ್ದು ಓಡಾಡಿದಳು. ಒಂದು ವಾರಕ್ಕೆ ಪೇಟೆಗೆ ಹೋಗಿ ಮೂರು ಗಂಟೆ ಸಾಮಾನು ಕೊಂಡಳು. ಗಂಡಸರು ಇದನ್ನು ಕಾಯಿಲೆ ವಾಸಿಯಾದದ್ದಕ್ಕೆ ಪುರಾವೆ ಅಂತ ಒಪ್ಪುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಕಾಂಪೌಂಡ್ ಇ ಅಂದರೆ ಕಾರ್ಟಿಸೋನ್. ಸ್ಟೀರಾಯ್ಡ್. ಎರಡೇ ವರ್ಷಕ್ಕೆ, 1950ರಲ್ಲಿ, ಹೆಂಚ್, ಕೆಂಡಾಲ್ ಮತ್ತು ಸ್ವಿಟ್ಜರ್‌ಲ್ಯಾಂಡಿನ ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಇಲ್ಲಿ ಗಮನಿಸಿ, ಆಕೆಗೆ ಅವರು ಶಕ್ತಿ ಕೊಡಲಿಲ್ಲ. ಮೈಯೊಳಗೇ ತಯಾರಾಗುವ ಒಂದು ಮೂಗುದಾರವನ್ನು ಹೊರಗಿನಿಂದ ಜಾಸ್ತಿ ಕೊಟ್ಟರು, ಅಷ್ಟೆ.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ದಿನ ಕಳೆದ ಹಾಗೆ ರೋಗಿಗಳ ಮುಖ ಚಂದ್ರನಂತೆ ಊದಿತು. ಕೆಲವರಿಗೆ ಮನಸ್ಸು ಕೆಟ್ಟಿತು. ಔಷಧ ನಿಲ್ಲಿಸಿದರೆ ನೋವು ವಾಪಸ್. ಮೂಗುದಾರ ಬಿಗಿಯಾದರೂ ಕಷ್ಟವೇ. ನಮ್ಮ ಕಡೆ ಹೆಸರಿಲ್ಲದ ಪುಡಿ ಕೊಡುವವರು ಇದ್ದಾರೆ. "ಮೂರು ದಿನದಲ್ಲಿ ಮಂಡಿ ನೋವು ಮಂಗಮಾಯ." ಆಗದೇ ಏನು! ಅಂಥ ಪುಡಿಯಲ್ಲಿ ಬಹಳ ಸಲ ಇರುವುದು ಇದೇ ಸ್ಟೀರಾಯ್ಡ್. ಐದು ವರ್ಷ ಅದನ್ನು ತಿಂದು, ಕೆಮ್ಮಿದ್ದಕ್ಕೆ ಬೆನ್ನುಮೂಳೆ ಮುರಿದುಕೊಂಡು ಬಂದವರನ್ನು ನಾನು ನೋಡಿದ್ದೇನೆ.

ಇಮ್ಯುನಿಟಿ ನಿಜವಾಗಿಯೂ ಬೂಸ್ಟ್ ಆದರೆ ಏನಾಗುತ್ತದೆ? ಅದಕ್ಕೂ ಉತ್ತರ ಇದೆ. 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಅಂತ ಒಂದು ಔಷಧದ ಮೊದಲ ಪ್ರಯೋಗ ನಡೆಯಿತು. ಟಿ ಕೋಶ ಅಂದರೆ ಬಿಳಿ ರಕ್ತಕಣದಲ್ಲೇ ಒಂದು ಬಗೆ, ಅವನ್ನು ನೇರವಾಗಿ ತಟ್ಟಿ ಎಬ್ಬಿಸುವ ಔಷಧ. ಅದರಿಂದ ಪಡೆಯನ್ನು ಹತೋಟಿಯಲ್ಲಿಡುವ ಕೋಶಗಳು ಹೆಚ್ಚಿ ಸಂಧಿವಾತ ತಗ್ಗೀತು ಅಂತ ಆಸೆ. ಆರು ಜನ ಆರೋಗ್ಯವಂತ ಯುವಕರಿಗೆ ಕೊಟ್ಟರು. ಪ್ರಾಣಿಗಳಿಗೆ ಏನೂ ಆಗದ ಪ್ರಮಾಣದ 500ರಲ್ಲಿ ಒಂದು ಪಾಲು. ಎರಡು ಗಂಟೆಯೊಳಗೆ ತಲೆನೋವು, ಜ್ವರ, ಮೈಕೈ ನೋವು. ಅದೇ ದಿನ ಕಳೆಯುವುದರೊಳಗೆ ಆರೂ ಜನರ ಸ್ಥಿತಿ ಗಂಭೀರ. ಎಲ್ಲರೂ ಬದುಕಿದರು, ಆದರೆ ಒಬ್ಬರು ಕಾಲ್ಬೆರಳುಗಳನ್ನು ಕಳೆದುಕೊಂಡರು. ಎದ್ದ ಹೋರಿ ಯಾವ ಕಡೆ ಓಡುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಕೋವಿಡ್ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಮನೆಮನೆಯಲ್ಲಿ ಕಷಾಯ. ಸೋಪಿನ ಮೇಲೂ, ಬಿಸ್ಕತ್ತಿನ ಮೇಲೂ "ಇಮ್ಯುನಿಟಿ" ಅಂತ ಬರೆದಿತ್ತು. ಅದೇ ಹೊತ್ತಿಗೆ, 2020ರ ಜೂನ್‌ನಲ್ಲಿ, ಬ್ರಿಟನ್ನಿನ ರಿಕವರಿ ಪ್ರಯೋಗದ ಫಲಿತಾಂಶ ಬಂತು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವನ್ನು ಮೂರರಲ್ಲಿ ಒಂದು ಪಾಲು ತಗ್ಗಿಸಿದ ಔಷಧ ಯಾವುದು? ಡೆಕ್ಸಾಮೆಥಾಸೋನ್. ಅದೂ ಸ್ಟೀರಾಯ್ಡೇ. ಹೆಂಚ್ ಕೊಟ್ಟ ಔಷಧದ ವಂಶದ್ದೇ. ಇಮ್ಯುನಿಟಿ ತಗ್ಗಿಸುವ ಔಷಧ ಜೀವ ಉಳಿಸಿತು! ಆದರೆ ಆಮ್ಲಜನಕ ಬೇಡದ ರೋಗಿಗಳಿಗೆ ಅದರಿಂದ ಏನೂ ಲಾಭ ಇರಲಿಲ್ಲ. ಆ ಅರ್ಧ ಮಾತನ್ನು ನಾವು ಕೇಳಿಸಿಕೊಳ್ಳಲಿಲ್ಲ. ಮರುವರ್ಷ ಎರಡನೇ ಅಲೆಯಲ್ಲಿ ಜ್ವರ ಬಂದ ದಿನವೇ ಸ್ಟೀರಾಯ್ಡ್ ನುಂಗಿದವರು ಎಷ್ಟೋ ಮಂದಿ. ಜೊತೆಗೆ ಸಕ್ಕರೆ ಕಾಯಿಲೆ. ಬ್ಲ್ಯಾಕ್ ಫಂಗಸ್ ಬಂದು ಕಣ್ಣು ಕಳೆದುಕೊಂಡವರ ಮನೆಗಳು ನಮ್ಮ ಜಿಲ್ಲೆಯಲ್ಲೂ ಇವೆ.

ಸರಿ, ಈಗ ಹೋದ ಸೋಮವಾರ. ಜಪಾನಿನ ಶಿಮೊನ್ ಸಕಾಗುಚಿ, ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್, ಈ ಮೂವರಿಗೆ ನೊಬೆಲ್. ಮೂಗುದಾರ ಕಂಡುಹಿಡಿದದ್ದಕ್ಕೆ! ರಾಮ್ಸ್‌ಡೆಲ್ ಆ ದಿನ ಹೆಂಡತಿಯ ಜೊತೆ ಬೆಟ್ಟಗುಡ್ಡದಲ್ಲಿ ಇದ್ದರು. ನೊಬೆಲ್ ಸಮಿತಿಯವರಿಗೆ ಫೋನಿನಲ್ಲಿ ಸಿಗಲೇ ಇಲ್ಲ. ಇದ್ದಕ್ಕಿದ್ದಂತೆ ಹೆಂಡತಿ ಕಿರುಚಿದರಂತೆ. ಕರಡಿ ಬಂತು ಅಂತ ಇವರು ಹೆದರಿದರು. ನೋಡಿದರೆ ಆಕೆಯ ಫೋನಿನಲ್ಲಿ ಇನ್ನೂರು ಮೆಸೇಜು.

1980ರ ದಶಕದಲ್ಲಿ ಸಕಾಗುಚಿ ಇಲಿಮರಿಗಳ ಮೇಲೆ ಕೆಲಸ ಮಾಡುತ್ತಿದ್ದರು. ಹುಟ್ಟಿದ ಮೂರನೇ ದಿನ ಎದೆಯೊಳಗಿನ ಥೈಮಸ್ ಗ್ರಂಥಿ ತೆಗೆದರೆ ಏನಾಗಬೇಕು? ಟಿ ಕೋಶ ಬೆಳೆಯುವುದೇ ಅಲ್ಲಿ, ಹಾಗಾಗಿ ಇಮ್ಯುನಿಟಿ ಕುಗ್ಗಬೇಕು ಅಲ್ವಾ? ಆದರೆ ಇಲಿಗಳ ಮೈ ತನ್ನನ್ನು ತಾನೇ ತಿನ್ನತೊಡಗಿತು. ಹಾಗಾದರೆ ಥೈಮಸ್‌ನಲ್ಲಿ ಹೊಡೆಯುವವರ ಜೊತೆಗೆ ಹಿಡಿದು ನಿಲ್ಲಿಸುವವರೂ ತಯಾರಾಗುತ್ತಾರೆ. ಅದು ಯಾವ ಕೋಶ ಅಂತ 1995ರಲ್ಲಿ ತೋರಿಸಿಕೊಟ್ಟರು. ಆಗ ಬಹಳ ಜನ ನಂಬಲಿಲ್ಲ. ಇತ್ತ ಬ್ರಂಕೋ ಮತ್ತು ರಾಮ್ಸ್‌ಡೆಲ್ ಹಿಡಿದದ್ದು ಬೇರೆ ದಾರಿ. 1940ರ ದಶಕದಿಂದ ಅಮೆರಿಕದ ಓಕ್ ರಿಡ್ಜ್‌ನಲ್ಲಿ ಒಂದು ತಳಿಯ ಇಲಿ ಇತ್ತು. ಅದರ ಕೆಲವು ಗಂಡು ಮರಿಗಳ ಚರ್ಮ ಸುಲಿದು, ಕೆಲವೇ ವಾರದಲ್ಲಿ ಸಾಯುತ್ತಿದ್ದವು. ಯಾವ ಜೀನ್ ಕೆಟ್ಟಿದೆ? ಹುಡುಕಿ ಹುಡುಕಿ 20 ಜೀನ್‌ಗೆ ತಂದರು. ಒಂದೊಂದಾಗಿ ನೋಡಿದರು. ಸಿಕ್ಕಿದ್ದು ಇಪ್ಪತ್ತನೆಯದರಲ್ಲಿ! ನಮ್ಮ ತಾಲ್ಲೂಕು ಕಚೇರಿಯ ಫೈಲಿನ ಹಾಗೆ. 2001ರಲ್ಲಿ ಅದಕ್ಕೆ ಫಾಕ್ಸ್‌ಪಿ3 ಅಂತ ಹೆಸರಾಯಿತು. ಸಕಾಗುಚಿ ಕಂಡ ಆ ಹಿಡಿದು ನಿಲ್ಲಿಸುವ ಕೋಶಗಳು ತಯಾರಾಗಲು ಬೇಕಾದ ಜೀನೂ ಅದೇ. ಅದೇ ಜೀನ್ ಕೆಟ್ಟ ಗಂಡುಮಕ್ಕಳಿಗೂ ಹುಟ್ಟಿದ ಕೆಲವೇ ತಿಂಗಳಲ್ಲಿ ಸಕ್ಕರೆ ಕಾಯಿಲೆ, ಕರುಳು, ಚರ್ಮ, ಎಲ್ಲ ಕೆಡುತ್ತದೆ. ಆ ಮಕ್ಕಳಿಗೆ ಯಾವ ಬೂಸ್ಟರ್ ಕೊಡುತ್ತೀರಿ?

ಯಾರೋ ಅಲ್ಲಿಂದ ಅಮೃತಬಳ್ಳಿ ಅಂದರು. ಬರುತ್ತೆ ಅಂತ ಗೊತ್ತಿತ್ತು. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಜನರಲ್ಲಿ ಯಕೃತ್ತು ಹಾಳಾದದ್ದನ್ನು ವರದಿ ಮಾಡಿದರು. ಅಂಥ ಕೆಲವರಲ್ಲಿ ಅವರ ಪಡೆಯೇ ಯಕೃತ್ತಿನ ಮೇಲೆ ಬಿದ್ದ ಲಕ್ಷಣ ಕಂಡಿತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ನಾನು ಹೇಳುವುದಿಷ್ಟೇ: ಥೈರಾಯ್ಡ್, ಲೂಪಸ್, ಸಂಧಿವಾತ, ಹೀಗೆ ತಮ್ಮದೇ ಪಡೆ ತಿರುಗಿಬಿದ್ದು ಬರುವ ಕಾಯಿಲೆ ಇರುವವರು ನನ್ನನ್ನು ಕೇಳದೆ ಕುಡಿಯಬೇಡಿ. ಬಳ್ಳಿ ಕಿತ್ತುಹಾಕಬೇಕಾಗಿಲ್ಲ ಅಮ್ಮ, ಬೇಲಿಗೆ ಚೆನ್ನಾಗಿ ಹಬ್ಬುತ್ತದೆ, ಇರಲಿ.

ಚೀಟಿ ಬಂತು. ಐದು ನಿಮಿಷ ಅಂತೆ. ಬರೆದುಕೊಂಡದ್ದು ಇನ್ನೂ ಎರಡು ಹಾಳೆ ಇದೆ, ಓಡುತ್ತೇನೆ.

ಹಾಗಾದರೆ ಲಸಿಕೆಯೂ ಬೇಡವಾ ಅಂತ ಮನೆಗೆ ಹೋಗಿ ಹೇಳಬೇಡಿ. ಲಸಿಕೆ ಹಿಂಡಿ ಅಲ್ಲ. ಜಾತ್ರೆಗೆ ಮೊದಲು ಪೊಲೀಸರಿಗೆ ಜೇಬುಗಳ್ಳನ ಫೋಟೊ ತೋರಿಸಿದ ಹಾಗೆ. ಹಾಕಿಸಿಕೊಳ್ಳಿ.

ತೊನ್ನು ಶಾಪ ಅಲ್ಲ, ಅಂಟುವುದೂ ಇಲ್ಲ. ಬಣ್ಣ ಕೊಡುವ ಕೋಶಗಳನ್ನು ನಮ್ಮ ಟಿ ಕೋಶಗಳೇ ಕೊಲ್ಲುವುದರಿಂದ ಬರುತ್ತದೆ. ಅದಕ್ಕಾಗಿ ಮದುವೆ ಮುರಿಯುವುದನ್ನು ನಿಲ್ಲಿಸಿ. ಮಕ್ಕಳ ಗಂಟಲು ನೋವಿಗೆ ಡಾಕ್ಟರು ಆಂಟಿಬಯಾಟಿಕ್ ಕೊಟ್ಟರೆ ಪೂರ್ತಿ ಮುಗಿಸಿ. ಕೆಲವು ಮಕ್ಕಳಲ್ಲಿ ಗಂಟಲಿನ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಹೊಡೆಯಲು ಹೊರಟ ಪಡೆ ಹೃದಯದ ಕವಾಟವನ್ನೂ ಹೊಡೆಯುತ್ತದೆ. ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ವಸ್ತುವನ್ನು ತಡೆಯುವ ಸಂಧಿವಾತದ ಇಂಜೆಕ್ಷನ್‌ಗಳ ಬಗ್ಗೆ ಅರ್ಧ ಗಂಟೆ ಇಟ್ಟುಕೊಂಡಿದ್ದೆ. ಅದನ್ನು ಕಂಡುಹಿಡಿದ ಇಬ್ಬರಲ್ಲಿ ರವೀಂದರ್ ಮೈನಿ ಹುಟ್ಟಿದ್ದು ನಮ್ಮ ಲುಧಿಯಾನದಲ್ಲಿ. ಒಂದೇ ಮಾತು: ಅದನ್ನು ಶುರು ಮಾಡುವ ಮೊದಲು ಟಿಬಿ ಪರೀಕ್ಷೆ ಆಗಲೇಬೇಕು. ಒಳಗೆ ಮಲಗಿರುವ ಟಿಬಿ ಏಳದಂತೆ ಕಾಯುತ್ತಿರುವುದೂ ಇದೇ ಹೋರಿಯೇ.

ಕೊನೆಯದು, ಇದನ್ನು ಮಾತ್ರ ನಿಧಾನವಾಗಿ ಹೇಳುತ್ತೇನೆ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಮಾತ್ರೆ ತಗೊಳ್ಳುವವರು ಇಲ್ಲಿ ಇದ್ದೀರಿ, ಮುಖ ಗುರುತು ಸಿಗುತ್ತಿದೆ. ಅದು ವಾರಕ್ಕೆ ಒಂದು ದಿನ. ದಿನಾ ಅಲ್ಲ. ದಿನಾ ತಿಂದರೆ ಬಾಯಿ ಹುಣ್ಣಾಗಿ, ರಕ್ತಕಣ ಬಿದ್ದುಹೋಗಿ ಜೀವಕ್ಕೇ ಅಪಾಯ. ವಾರದ ಯಾವ ದಿನ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಬೆಳಿಗ್ಗೆ ಎದ್ದಾಗ ಕೈಬೆರಳು ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಬಿಗಿದುಕೊಂಡಿರುತ್ತದೆ, ಆರು ವಾರದಿಂದ ಹೀಗೇ ಇದೆ ಅನ್ನುವವರು ಊಟ ಆದ ಮೇಲೆ ಹಿಂದಿನ ಮೇಜಿಗೆ ಬನ್ನಿ, ಅಲ್ಲೇ ಕೂತಿರುತ್ತೇನೆ. ರಿಪೋರ್ಟು ತನ್ನಿ, ಮಾತ್ರೆಯ ಪಟ್ಟಿ ತನ್ನಿ. ಆ ಹೆಸರಿಲ್ಲದ ಪುಡಿಯ ಪೊಟ್ಟಣ ಇದ್ದರೆ ಅದನ್ನೂ ತನ್ನಿ, ಬೈಯುವುದಿಲ್ಲ.