ಪೆರೆಗ್ರಿನ್: ಪರದೇಶದಲ್ಲಿ ಹುಟ್ಟಿದ ಮಗುವಿಗೊಂದು ಹೆಸರು

ನಮಸ್ಕಾರ. ಜಾನ್, ಜಾರ್ಜ್, ವಿಲಿಯಂ ಎಂಬ ಹೆಸರುಗಳನ್ನು ಕೇಳದವರು ನಮ್ಮಲ್ಲಿ ವಿರಳ; ಆದರೆ ಪೆರೆಗ್ರಿನ್ ಎಂಬ ಹೆಸರು ಇಂಗ್ಲೆಂಡಿನಲ್ಲಿಯೂ ಅಪರೂಪವೇ. ಮಗು ಹುಟ್ಟಿದಾಗ ಹೆತ್ತವರು ಯಾವ ನೆಲದಲ್ಲಿ, ಯಾವ ಸ್ಥಿತಿಯಲ್ಲಿದ್ದರು ಎಂಬುದನ್ನು ಹೆಸರೇ ಹೇಳುತ್ತದೆ ಎಂಬ ಕಾರಣಕ್ಕೆ ಇದು ನನಗೆ ಬಹಳ ಮೆಚ್ಚಿನ ಹೆಸರು.

(ಪರದೆಯ ಮೇಲೆ: ರೋಮನ್ ಸಾಮ್ರಾಜ್ಯದ ನಕ್ಷೆ)

ಇದರ ಮೂಲ ಲ್ಯಾಟಿನ್ ಭಾಷೆಯ 'ಪೆರೆಗ್ರಿನುಸ್'. ಅದರೊಳಗೆ ಅಡಗಿರುವ 'ಆಗೆರ್' ಎಂದರೆ ಹೊಲ, ಭೂಮಿ. ವೇದದ ಸಂಸ್ಕೃತದಲ್ಲಿ ಬರುವ 'ಅಜ್ರ' ಅದರ ಸೋದರ ಪದ. ತನ್ನ ನೆಲವನ್ನು ದಾಟಿ ಬಂದವನು, ಅಂದರೆ ಪರದೇಶಿ, ಎಂಬುದು ಮೊದಲ ಅರ್ಥ. ಸಾಮ್ರಾಜ್ಯದೊಳಗೆ ಸ್ವತಂತ್ರನಾಗಿ ಬಾಳುತ್ತಿದ್ದರೂ ರೋಮನ್ ಪೌರತ್ವವಿಲ್ಲದವನನ್ನು ಕಾನೂನು ಹೀಗೆ ಕರೆಯುತ್ತಿತ್ತು. ಕ್ರಿ.ಶ. 212ರಲ್ಲಿ ಚಕ್ರವರ್ತಿ ಕಾರಕಲ್ಲನು ಬಹುತೇಕ ಎಲ್ಲ ಸ್ವತಂತ್ರ ಪ್ರಜೆಗಳಿಗೂ ಪೌರತ್ವ ಕೊಟ್ಟ ಮೇಲೆ ಈ ಭೇದದ ಮಹತ್ವ ಕುಗ್ಗಿತು. ಮುಂದೆ ಕ್ರೈಸ್ತ ಯುರೋಪಿನಲ್ಲಿ ಪುಣ್ಯಕ್ಷೇತ್ರಕ್ಕೆ ಹೊರಟ ಯಾತ್ರಿಕನಿಗೆ ಇದೇ ಪದ ಸಂದಿತು. ಇಂಗ್ಲಿಷಿನ 'ಪಿಲ್‌ಗ್ರಿಮ್' ಕೂಡ ಫ್ರೆಂಚಿನ ಮೂಲಕ ಇದರಿಂದಲೇ ಬಂದಿದೆ.

ಇಂಗ್ಲೆಂಡಿನಲ್ಲಿ ಈ ಹೆಸರಿಗೆ ಮನ್ನಣೆ ತಂದವರಲ್ಲಿ ಪೆರೆಗ್ರಿನ್ ಬರ್ಟಿ ಮುಖ್ಯನು. ಕ್ಯಾಥೊಲಿಕ್ ಪಂಥದ ರಾಣಿ ಮೊದಲನೆಯ ಮೇರಿಯ ಆಳ್ವಿಕೆಯಲ್ಲಿ ಪ್ರಾಟೆಸ್ಟೆಂಟರ ಮೇಲೆ ಕಿರುಕುಳ ಹೆಚ್ಚಿದಾಗ, ಸಫೋಕ್‌ನ ಡಚೆಸ್ ಆಗಿದ್ದ ಕ್ಯಾಥರೀನ್ ವಿಲೋಬಿ ಮತ್ತು ಆಕೆಯ ಪತಿ ರಿಚರ್ಡ್ ಬರ್ಟಿ ದೇಶ ಬಿಟ್ಟು ಓಡಿಹೋಗಬೇಕಾಯಿತು. 1555ರಲ್ಲಿ, ಇಂದಿನ ಜರ್ಮನಿಯ ರೈನ್ ನದಿಯ ದಡದಲ್ಲಿರುವ ವೇಸೆಲ್ ಪಟ್ಟಣದಲ್ಲಿ ಅವರಿಗೆ ಮಗ ಹುಟ್ಟಿದ. ಪರದೇಶದಲ್ಲಿ ಹುಟ್ಟಿದನೆಂದೇ ಆ ಹೆಸರು. ಆ ಮಗುವೇ ಬೆಳೆದು ರಾಣಿ ಎಲಿಜಬೆತ್‌ಳ ಕಾಲದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿದ್ದ ಇಂಗ್ಲಿಷ್ ಸೇನೆಯ ದಂಡನಾಯಕನಾದ.

(ಪರದೆಯ ಮೇಲೆ: ಕೇಪ್ ಕಾಡ್ ಕೊಲ್ಲಿ, ಮೇಫ್ಲವರ್ ಹಡಗಿನ ಚಿತ್ರ)

ಇನ್ನೊಬ್ಬನ ಕಥೆ ಇದಕ್ಕಿಂತಲೂ ಮನಮುಟ್ಟುವಂಥದ್ದು. 1620ರ ನವೆಂಬರಿನಲ್ಲಿ, ಇಂಗ್ಲೆಂಡಿನಿಂದ ವಲಸಿಗರನ್ನು ಹೊತ್ತು ಬಂದ ಮೇಫ್ಲವರ್ ಹಡಗು ಅಮೆರಿಕದ ಕೇಪ್ ಕಾಡ್‌ನಲ್ಲಿ ಲಂಗರು ಹಾಕಿ ನಿಂತಿದ್ದಾಗ, ನೆಲೆಯೂರಲು ತಕ್ಕ ಜಾಗವಿನ್ನೂ ಗೊತ್ತಾಗದ ಆ ದಿನಗಳಲ್ಲಿ, ವಿಲಿಯಂ ಮತ್ತು ಸುಸಾನ ವೈಟ್ ದಂಪತಿಗಳಿಗೆ ಹಡಗಿನಲ್ಲಿಯೇ ಗಂಡು ಮಗುವಾಯಿತು. ಅವನಿಗೆ ಪೆರೆಗ್ರಿನ್ ಎಂದು ಹೆಸರಿಟ್ಟರು. ಅದೇ ಪಯಣದಲ್ಲಿ ನಡುಸಮುದ್ರದಲ್ಲಿ ಹುಟ್ಟಿದ ಇನ್ನೊಂದು ಮಗುವಿನ ಹೆಸರು ಓಷಿಯಾನಸ್. ಮೊದಲ ಚಳಿಗಾಲ ಮುಗಿಯುವಷ್ಟರಲ್ಲಿ ವಲಸಿಗರಲ್ಲಿ ಸುಮಾರು ಅರ್ಧದಷ್ಟು ಜನ ತೀರಿಕೊಂಡರು. ಪೆರೆಗ್ರಿನ್‌ನ ತಂದೆಯೂ ಅವರಲ್ಲೊಬ್ಬ. ತಾಯಿ 1621ರಲ್ಲಿ ಎಡ್ವರ್ಡ್ ವಿನ್ಸ್ಲೋ ಎಂಬಾತನನ್ನು ಮರುಮದುವೆಯಾದಳು. ಆ ವಲಸಿಗರು ನೆಲೆಯೂರಿದ ಪ್ಲಿಮತ್ ವಸಾಹತಿನಲ್ಲಿ ನಡೆದ ಮೊದಲ ಮದುವೆ ಅದು. ಹಸುಗೂಸಾಗಿ ಆ ಚಳಿಯನ್ನು ದಾಟಿದ ಮಗ ಮಾತ್ರ 1704ರವರೆಗೆ, ಎಂಬತ್ತಕ್ಕೂ ಹೆಚ್ಚು ವರ್ಷ ಬಾಳಿದ. ಅವನದೆಂದು ಪರಂಪರೆಯಿಂದ ಹೇಳಿಕೊಂಡು ಬಂದಿರುವ, ಕಡ್ಡಿಗಳಿಂದ ಹೆಣೆದ ತೊಟ್ಟಿಲನ್ನು ಪ್ಲಿಮತ್‌ನ ಪಿಲ್‌ಗ್ರಿಮ್ ಹಾಲ್ ವಸ್ತುಸಂಗ್ರಹಾಲಯ ಕಾಪಾಡಿಕೊಂಡಿದೆ.

ಪಕ್ಷಿವೀಕ್ಷಕರು ಪೆರೆಗ್ರಿನ್ ಫಾಲ್ಕನ್ ಎಂಬ ಬೇಟೆಹಕ್ಕಿಯನ್ನು ಬಲ್ಲರು. ನಮ್ಮ ದೇಶದ ಶಾಹೀನ್ ಅದರದೇ ಉಪಜಾತಿ. ಹಕ್ಕಿಯ ಹೆಸರನ್ನು ಮನುಷ್ಯರಿಗೆ ಇಟ್ಟರೆಂದು ಕೆಲವರು ಭಾವಿಸುವುದುಂಟು, ಅದು ಸರಿಯಲ್ಲ. ಕಡಿದಾದ ಬಂಡೆಗಳ ಮೇಲಿನ ಗೂಡಿಗೆ ಕೈಹಾಕುವುದು ಕಷ್ಟವಾದ್ದರಿಂದ ಬೇಟೆಗೆ ಪಳಗಿಸಲು ಈ ಹಕ್ಕಿಯನ್ನು ಅದು ದೂರ ಹಾರಿಹೋಗುವ ದಾರಿಯಲ್ಲಿ ಹಿಡಿಯುತ್ತಿದ್ದರು, ಹಾಗಾಗಿ ಅದಕ್ಕೂ ಯಾತ್ರಿಕನೆಂಬ ಹೆಸರು ಬಂತು. ಇಂಗ್ಲೆಂಡಿನ ಕೆಲವು ಹಳೆಯ ಮನೆತನಗಳಲ್ಲಿ ಈ ಹೆಸರು ಇಂದಿಗೂ ಬಳಕೆಯಲ್ಲಿದ್ದು, ಮನೆಮಂದಿ ಅದನ್ನು ಪೆರಿ ಎಂದು ಮೊಟಕುಗೊಳಿಸಿ ಕರೆಯುವುದೂ ಇದೆ.