ಮೀನಾಯಿ ಬಟ್ಟಲಿನ ಬಿರುಕನ್ನು ಮುಚ್ಚಿಡಬೇಡಿ

ನಮಸ್ಕಾರ. ಇವತ್ತಿನ ಮಾತು ಇರಾನಿನ ಮೀನಾಯಿ ಬಟ್ಟಲುಗಳ ಬಗ್ಗೆ, ಅಂದರೆ ಗಾಜಿನ ಲೇಪದ ಮೇಲೆ ಬಣ್ಣಬಣ್ಣದ ಚಿತ್ರ ಬರೆದು ಸುಟ್ಟ ಬಟ್ಟಲುಗಳ ಬಗ್ಗೆ. ಕೆನೆ ಬಣ್ಣದ ಮೈಮೇಲೆ ನೀಲಿ, ಕೆಂಪು, ಕಪ್ಪು, ಅಲ್ಲಲ್ಲಿ ಚಿನ್ನ. ಕುದುರೆ ಸವಾರರು, ಸಿಂಹಾಸನದ ಮೇಲೆ ರಾಜ, ಚಂದ್ರನಂಥ ದುಂಡು ಮುಖಗಳು. ಎಂಟುನೂರು ವರ್ಷ ಕಳೆದರೂ ಒಂದು ಗೆರೆಯೂ ಮಾಸಿಲ್ಲ ಅಲ್ವಾ ಅಂತ ಅನ್ನಿಸುತ್ತದೆ. ಎಷ್ಟೋ ಬಟ್ಟಲುಗಳಲ್ಲಿ ಆ ಗೆರೆ ಹಳೆಯದೇ ಅಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಇವು ಹುಟ್ಟಿದ್ದು ಮುಖ್ಯವಾಗಿ ಕಾಶಾನ್ ಊರಿನಲ್ಲಿ, 12ನೇ ಶತಮಾನದ ಕೊನೆಗೆ. ಅಲ್ಲಿನವರು ಬರೀ ಜೇಡಿಮಣ್ಣನ್ನು ನಂಬಲಿಲ್ಲ. ಹತ್ತು ಪಾಲು ಬೆಣಚುಕಲ್ಲಿನ ಪುಡಿ, ಒಂದು ಪಾಲು ಗಾಜಿನ ಪುಡಿ, ಒಂದು ಪಾಲು ಬಿಳಿ ಮಣ್ಣು. ಗಾಜಿನ ಲೇಪ ಹಚ್ಚಿ ಒಮ್ಮೆ ಸುಡುವುದು. ಅದರ ಮೇಲೆ ಚಿತ್ರ ಬರೆದು, ಕಡಿಮೆ ಶಾಖದಲ್ಲಿ ಮತ್ತೆ ಸುಡುವುದು. ಈ ಅಳತೆಯನ್ನು 1301ರಲ್ಲಿ ಬರೆದಿಟ್ಟವನು ಅಬುಲ್ ಖಾಸಿಂ, ಕಾಶಾನಿನ ಕುಂಬಾರ ಮನೆತನದವನು. ಒಂದು ಮಿಸ್ಕಾಲ್ ಚಿನ್ನ, ಅಂದರೆ ನಾಲ್ಕು ಗ್ರಾಂ ಚಿಲ್ಲರೆ. ಅದನ್ನು ಬಡಿದು 24 ಹಾಳೆ ಮಾಡಿ, ಕತ್ತರಿಯಿಂದ ಕತ್ತರಿಸಿ ಅಂಟಿಸುತ್ತಿದ್ದರಂತೆ. ಎಂಥ ಕೈಗಳಿರಬೇಕು ಅವು!

ಮಂಗೋಲರ ದಾಳಿಗೆ ಮುಂಚಿನ ಇರಾನಿನ ಚಿತ್ರವಿರುವ ಪುಸ್ತಕಗಳು ಹೆಚ್ಚುಕಡಿಮೆ ಉಳಿದೇ ಇಲ್ಲ. ವಾಷಿಂಗ್ಟನ್ನಿನ ಫ್ರೀರ್ ಗ್ಯಾಲರಿಯ ಒಂದು ಪುಟ್ಟ ಲೋಟದ ಸುತ್ತ ಇರಾನಿನ ರಾಜರ ಕಥೆ ಹೇಳುವ ಮಹಾಕಾವ್ಯ ಶಾಹನಾಮೆಯ ಬಿಜನ್ ಮತ್ತು ಮನೀಜಾ ಪ್ರೇಮಕಥೆ ಸಾಲುಸಾಲಾಗಿ ಇದೆ. ನಮಗೆ ಸಿಕ್ಕಿರುವ ಅತಿ ಹಳೆಯ ಸಚಿತ್ರ ಶಾಹನಾಮೆಗಿಂತ ಅದು ಸುಮಾರು ನೂರು ವರ್ಷ ಹಿಂದಿನದು. ಆ ಕಾಲದ ಬಟ್ಟೆ, ಕುದುರೆ, ಸಭೆ ಹೇಗಿತ್ತು ಅಂತ ತಿಳಿಯಲು ಈ ಪಾತ್ರೆಗಳನ್ನೇ ನೋಡಬೇಕು.

ಆದರೆ ಇವು ನೆಲದಿಂದ ಸಿಕ್ಕಿದ್ದು ಬಹುಪಾಲು ಚೂರಾಗಿ. 20ನೇ ಶತಮಾನದ ಆರಂಭದಲ್ಲಿ ಯುರೋಪು, ಅಮೆರಿಕದಲ್ಲಿ ಬೇಡಿಕೆ ಜಾಸ್ತಿಯಾಯಿತು. ವ್ಯಾಪಾರಿಗಳು ಬೇರೆ ಬೇರೆ ಬಟ್ಟಲಿನ ಚೂರುಗಳನ್ನು ಜೋಡಿಸಿ, ಸಂದಿಗೆ ಪ್ಲಾಸ್ಟರ್ ತುಂಬಿ, ಮೇಲೆ ಹೊಸ ಮುಖಗಳನ್ನು ಬರೆಸಿದರು. ಅದನ್ನೇ ಹಳೆಯದು ಅಂತ ನಂಬಿ ಇತಿಹಾಸ ಬರೆದರೆ ಏನಾಗುತ್ತದೆ?

ಹೊಸ ಬಣ್ಣವನ್ನೆಲ್ಲ ಕೆರೆದು ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ಕೆರೆಯಲು ಹೋದರೆ ಹಳೆಯ ಚಿನ್ನವೂ ಉದುರಬಹುದು. ಅಲ್ಟ್ರಾವೈಲೆಟ್ ಬೆಳಕಿನಲ್ಲಿ ಆಮೇಲೆ ಹಚ್ಚಿದ ಬಣ್ಣ ಸಾಮಾನ್ಯವಾಗಿ ಬೇರೆಯಾಗಿ ಕಾಣುತ್ತದೆ. ಮ್ಯೂಸಿಯಂನವರೇ, ಆ ಬೆಳಕಿನಲ್ಲಿ ತೆಗೆದ ಫೋಟೋವನ್ನು ಬಟ್ಟಲಿನ ಪಕ್ಕದಲ್ಲೇ, ಅಷ್ಟೇ ದೊಡ್ಡದಾಗಿ ಇಡಿ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ಅಬು ಜೈದ್ ಸಹಿ ಮಾಡಿದ 1186ರ ಬಟ್ಟಲಿದೆ. ಅಂಥ ಕಲಾವಿದನ ಗೆರೆ ಎಲ್ಲಿ ನಿಲ್ಲುತ್ತದೆ, ವ್ಯಾಪಾರಿ ಬರೆಸಿದ್ದು ಎಲ್ಲಿ ಶುರುವಾಗುತ್ತದೆ ಅನ್ನುವುದು ಶಾಲೆ ಮಗುವಿಗೂ ಕಾಣಬೇಕು.